ಬಿಸಿಯಾಗಿ ಹೋದದ್ದು

ನೂರು ತುಳಿದರ ಚೈನು ಮೂರು ತಿಂತೈತಿ,
ಎಣ್ಣಿ ಬಿಟ್ಟರ ಎರಡು.
ಅದನ್ನ ಡೈನಮೋಕ್ಕ ಕೊಟ್ಟು, ಬ್ಯಾಟರ್‍ಯಾಗ ಇಟ್ಟು,
ಮತ್ತ ಇಸ್ಕೊಂಡು ಮೋಟರಿಗೆ ಕೊಟ್ಟರ
ಮೂವತ್ತು ಬಿಸಿಯಾಗಿ ಹೋಕ್ಕೈತಿ.

ಗುಳೇದಗುಡ್ಡದ ಏರು.
ಖಣದ ಗಂಟು ಹೇರಿದ ಮೂರು ಗಾಲಿ,
ಮ್ಯಾಲೆ ಸಾಂವಕ್ಕ,
ನಲವತ್ತು ವರ್ಷ ಕುಣಿಮಗ್ಗ ತುಳಿದ ಕಾಲು.

‘ಎರಡೂ ಇಡು, ದಸ್ತಗೀರ.
ಸಪಾಟಿಗೆ ಚೈನು, ಏರಿಗೆ ಬ್ಯಾಟರಿ,
ಇಳುಕಿನ್ಯಾಗ ಬ್ರೇಕ್ ಹಿಡಿದಾಗ ಬಂದಷ್ಟು ಜಮಾ.’

‘ಮೂವತ್ತು ಲುಕ್ಸಾನ, ಯಕ್ಕಾ,’ ಅಂದೆ.

‘ಮಗ್ಗದಾಗ ನಂದು ಎಷ್ಟು ಹೋತು,
ಯಾವ ಸಾವಕಾರ ಬರದಾನ?’

ಏರು ಮುಗಿಸಿ, ಇಳಿದು,
ಮೋಟರಿನ ಮ್ಯಾಲೆ ಅಂಗೈ ಇಟ್ಟಳು,
ಹಂಚಿನ ಮ್ಯಾಲಿನ ರೊಟ್ಟಿ
ಬೆಂದೈತೇನು ಅಂತ ನೋಡುವಂಗ.