ಎಡಗಡೆಯ ಕೆಂಪು ದೀಪ

ಮೂರು ಗಂಟೆಗೇ ಕತ್ತಲು. ಕೊಕ್ಕೊಲಾದ ಡಿಸೆಂಬರಿಗೆ
ಮಧ್ಯಾಹ್ನವೆಂಬುದೇ ಗೊತ್ತಿಲ್ಲ.
ಗ್ಯಾರೇಜಿನ ಬಾಗಿಲಡಿ ನುಸುಳಿದ ಹಿಮ
ಕಾಂಕ್ರೀಟಿನ ಮೇಲೆ ಉಪ್ಪಿನ ಗೆರೆ ಎಳೆದಿದೆ.
ತಮ್ಮ ಬ್ರೇಕ್ ಒತ್ತುತ್ತಾನೆ. ನಾನು ಹಿಂದೆ ನಿಂತು ಕೂಗುತ್ತೇನೆ:
ಬಲಗಡೆ ಸರಿ.
ಎಡಗಡೆ, ಬ್ರೇಕಿನ ಕೆಂಪು ಬರಲಿಲ್ಲ,
ಇದ್ದ ಕೆಂಪೂ ಹೋಯಿತು,
ಬದಲಿಗೆ ಇಂಡಿಕೇಟರಿನ ಕಿತ್ತಳೆ ಮಿಣ್ಣಗೆ ಕಣ್ಣುಬಿಟ್ಟಿತು
ಯಾರೂ ಕರೆಯದೆ ಬಂದ ನೆಂಟನ ಹಾಗೆ.

ಅರವತ್ತಾರರ ವೋಲ್ವೊ ಅಮೆಜಾನ್. ಮೂರು ಚಳಿಗಾಲ
ತೌನೊ ಇದರ ತುಕ್ಕು ಕೆರೆದ, ತಗಡು ಬೆಸೆದ,
ನೆಲಕ್ಕೆ ನೀರು ಚಿಮುಕಿಸಿ, ಧೂಳು ಕೂರಿಸಿ, ಉಸಿರು ಬಿಗಿಹಿಡಿದು
ಬಣ್ಣ ಹೊಡೆದ, ಪದರದ ಮೇಲೆ ಪದರ, ಕಡುಹಸಿರು.
ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು.
ಸೋಮವಾರ ತಪಾಸಣೆ.

ಬಲ್ಬು ಬದಲಿಸಿದೆವು. ಅದೇ.
ಫ್ಯೂಸುಗಳನ್ನು, ಪಿಂಗಾಣಿ ಮೈಯ ಮೊನಚು ತುದಿಯ ಹಳೆಯವನ್ನು,
ಒಂದೊಂದಾಗಿ ಕಿತ್ತು, ಉಜ್ಜಿ, ಮತ್ತೆ ಕೂರಿಸಿದೆವು.
ಅದೇ.
ತೌನೊ ಸ್ವಿಚ್ಚನ್ನು ಬೈದ, ಸ್ವೀಡನ್ನನ್ನು ಬೈದ,
ವೈರು ಮಾರಿದ ಊಮಿಯೊದವನ ಅಜ್ಜಿಯನ್ನೂ ಬಿಡಲಿಲ್ಲ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹದಿನಾಲ್ಕು ವರ್ಷ
ಕಿವಿಗೆ ಕಬ್ಬಿಣ ಕಟ್ಟಿಕೊಂಡು ಕೂತವಳು.
ಒಂದು ಲೈನು ಕೆಟ್ಟರೆ ಪಕ್ಕದ ಲೈನಿನಲ್ಲಿ
ಯಾರದೋ ಜಗಳ, ಯಾರದೋ ಮುದ್ದು ಪಿಸುಗುಡುತ್ತಿತ್ತು.
ಉದ್ದ ತಂತಿ ಎಳೆದು, ದೀಪದ ಬಟ್ಟಲಿಗೂ
ಬ್ಯಾಟರಿಯ ಮೈನಸ್ಸಿಗೂ ನಡುವೆ ಮೀಟರು ಹಿಡಿದೆ.
ಒತ್ತು, ಅಂದೆ.
ಸೊನ್ನೆ ಇರಬೇಕಾದ ಕಡೆ ಒಂಬತ್ತು ಚಿಲ್ಲರೆ.

ಬರಬೇಕಾದದ್ದು ಬಂದಿದೆ.
ವಾಪಸು ಹೋಗಲು ದಾರಿಯಿಲ್ಲ.
ಪಕ್ಕದ ಮನೆಯ ಹಿತ್ತಲು ಹಾದು,
ಅವರ ಒಲೆಯನ್ನು ಅರೆಬರೆ ಉರಿಸಿ
ಕದ್ದು ಊರು ಸೇರುತ್ತಿದೆ.
ಆ ಮಿಣುಕು ಕಿತ್ತಳೆ ಅದರ ಹೆಜ್ಜೆಗುರುತು.

ನಮ್ಮಲ್ಲಿ ನೆಲಕ್ಕೂ ನಾಡಿಗೂ ಒಂದೇ ಮಾತು: ಮಾ.
ತಂತಿ ಹೋಗಿ ತಗಡು ಮುಟ್ಟುವ
ಉಗುರಗಲದ ಜಾಗಕ್ಕೂ ಅದೇ ಹೆಸರು.
ಡಿಕ್ಕಿಯೊಳಗೆ ತಲೆ ತೂರಿಸಿ ಟಾರ್ಚು ಬಿಟ್ಟರೆ
ಸ್ಕ್ರೂ ಬಿಗಿ, ವಾಷರು ಹೊಸದು, ತಂತಿಯ ಉಂಗುರ ಫಳಫಳ,
ಅದರಡಿ ಕಡುಹಸಿರು. ತೂತಿನ ಒಳಗೋಡೆಗೂ ಕಡುಹಸಿರು.
ಒಂದು ಗುಳ್ಳೆಯಿಲ್ಲ.
ಯಾರೂ ಇಣುಕದ ಕಡೆಯಲ್ಲೂ ಅವನು ಕೈ ಹಗುರ ಮಾಡಿರಲಿಲ್ಲ.

ತುಕ್ಕು ತಿನ್ನುತ್ತಿದ್ದಾಗ ಈ ದೀಪ ಉರಿಯುತ್ತಿತ್ತಲ್ಲ, ಅಂದ.
ಉರಿಯುತ್ತಿತ್ತು, ಅಂದೆ.

ಚಾಕು ನನ್ನ ಕೈಯಲ್ಲಿತ್ತು. ಅವನು ಅದನ್ನೇ ನೋಡಿದ.
ಎಷ್ಟು?
ಹಳೆಯ ಐದು ಪೆನ್ನಿಯಷ್ಟು.
ಕಾಫಿ ಕುಡಿದು ಬರುತ್ತೇನೆ ಅಂತ ಒಳಗೆ ಹೋದ.
ಅವನ ಕಾಫಿ ಇಲ್ಲೇ ಬೆಂಚಿನ ಮೇಲೆ
ಹಬೆಯಾಡುತ್ತಿತ್ತು.

ಕೆರೆದೆ. ಸದ್ದಿಗೆ ಹಲ್ಲು ಜುಮ್ಮೆಂದಿತು.
ಹಸಿರು, ಹಸಿರು, ಹಸಿರು, ಬೂದು ಪ್ರೈಮರು,
ಆಮೇಲೆ ತಗಡು, ಬೆತ್ತಲೆ, ಬೆಳ್ಳಗೆ,
ಕಾರ್ಖಾನೆಯವರೂ ಇಷ್ಟು ಹೊತ್ತು ನೋಡಿರಲಾರರು.
ಉಂಗುರ ಕೂರಿಸಿ, ಸ್ಕ್ರೂ ತಿರುಗಿಸಿ, ಮೇಲೆ ಗ್ರೀಸು ಸವರಿದೆ.

ತೌನೊ ಬಂದ. ಕೇಳಲಿಲ್ಲ. ಸೀಟಿಗೆ ಕೂತ.
ಬಾಗಿಲು ಎತ್ತಿದೆ. ಒತ್ತು.
ಅಂಗಳದ ಹಿಮದ ಗುಡ್ಡೆ ಎರಡೂ ಕಡೆ ಒಂದೇ ಸಮ ಕೆಂಪಾಯಿತು,
ಎದುರುಮನೆಯ ನಾಯಿ ಬೊಗಳಿತು.
ತುಂಬ ಹೊತ್ತು ಅವನು ಕಾಲು ತೆಗೆಯಲೇ ಇಲ್ಲ.

ನಂಬರ್ ಪ್ಲೇಟಿನ ದೀಪ ಇನ್ನೂ ಕುರುಡು.
ಹೇಳಲಿಲ್ಲ.
ಸೋಮವಾರಕ್ಕೆ ಇನ್ನೂ ಎರಡು ದಿನವಿದೆ.
ಚಾಕು ಒರೆಸಿ ಜೇಬಿಗೆ ಹಾಕಿಕೊಂಡೆ.