ಚಿಲ್ಲರೆ

ಟೊಲೆಡೊ. ಶನಿವಾರ. ಹಿಮ ಇನ್ನೂ ಕರಗಿಲ್ಲ.
ಡೋರ್ ಬೀದಿಯ ಲಾಂಡ್ರಿಗೆ
ಓಝೆಲಾ ಕಾಫಿ ಡಬ್ಬಿ ತುಂಬ ಚಿಲ್ಲರೆ ತಂದಿದ್ದಾಳೆ.
ಇವತ್ತು ಯಾರೂ ಕಾಸು ಹಾಕುವಂತಿಲ್ಲ.

ಹೆಸರು ಬರೀಬೇಡ, ಅನ್ನುತ್ತಾಳೆ ನನಗೆ,
ಎಷ್ಟು ಮೂಟೆ, ಅಷ್ಟೇ ಬರಿ.
ಮೂವತ್ತೊಂದು.

ಬಟ್ಟೆ ಗಿರಗಿರ ತಿರುಗುವಷ್ಟು ಹೊತ್ತು
ವರ್ಡೆಲ್ ಒಬ್ಬೊಬ್ಬರ ತೋಳಿಗೂ ಪಟ್ಟಿ ಸುತ್ತಿ
ರಕ್ತದ ಸದ್ದಿಗೆ ಕಿವಿಗೊಡುತ್ತಾಳೆ.
"ಉಪ್ಪು ಕಮ್ಮಿ ಮಾಡೋ, ಮಗಾ."
ಬಸ್ ಡ್ರೈವರ್ ನಾಚಿ ನಗುತ್ತಾನೆ.

ಕಪ್ಪು ಹೆಂಗಸರ ಸಂಘ ನಮ್ಮದು, ನಲವತ್ತು ವರ್ಷದ್ದು.
ವರ್ಡೆಲ್‌ಳ ತೋಳು ಕೇಳಿದವರಿಲ್ಲ.

ಸಾಕ್ಸಿಗೆ ಜೋಡಿ ಹುಡುಕುತ್ತಿದ್ದ ಹುಡುಗಿ,
ಒಂಬತ್ತೋ ಹತ್ತೋ, ಎದ್ದು ಬಂದಳು:
"ಈಗ ನಿಮ್ಮದು."
ವರ್ಡೆಲ್ ನೇರಳೆ ಕೋಟಿನ ತೋಳೇರಿಸಿ ಕೂತಳು.
ಹುಡುಗಿ ಬಲ್ಬು ಒತ್ತಿದಳು, ತಪ್ಪಾಗಿ, ಜೋರಾಗಿ.
ಮುಳ್ಳು ಎಲ್ಲೆಲ್ಲೋ ಹೋಯಿತು.

ಓಝೆಲಾ ಡಬ್ಬಿ ಅಲ್ಲಾಡಿಸಿದಳು:
ಇನ್ನೆರಡು ಮೂಟೆಗೆ ಸಾಕು.