ಕೆಂಪೊಂದೇ ಅಗ್ಗವಿತ್ತು

ಒಸಾಕಾದ ನಿಪ್ಪೊನ್‌ಬಾಶಿಯ ಹಿಂದಿನ ಓಣಿಯಲ್ಲಿ
ನನ್ನದೊಂದು ದುರಸ್ತಿ ಅಂಗಡಿ, ಮೂರು ಚಾಪೆಯಗಲ.
ಮೇಲ್ಸೇತುವೆಯಲ್ಲಿ ರೈಲು ಹಾದರೆ ಡಬ್ಬಿಯೊಳಗೆ
ತಿರುಪುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ.

ಹಿಸಾಯೆ ಕುಮೆದಾ ಬಂದದ್ದು ಒಂದು ಮಂಗಳವಾರ.
ಬಟ್ಟೆಯ ಗಂಟು ಬಿಚ್ಚಿದರು. ಒಳಗೆ
ಎರಡು ಕಾಲಿನ ಮೇಲೆ ನಿಲ್ಲುವ ಆ ಕೆಂಪು ಮುಖವಾಡ.
‘ಬಲಗಣ್ಣು ಸರಿಯಿದೆ. ಎಡಗಣ್ಣಲ್ಲಿ ತೊಂದರೆ’ ಅಂದರು,
ಯಂತ್ರದ್ದೋ ತಮ್ಮದೋ ಹೇಳಲಿಲ್ಲ.

ಇದರ ಕತೆ ಈ ಓಣಿಯಲ್ಲಿ ಯಾರಿಗೆ ಗೊತ್ತಿಲ್ಲ?
ತೊಂಬತ್ತೈದು. ಜನವರಿಯಲ್ಲಿ ಕೋಬೆ ಕುಸಿದಿತ್ತು.
ಜುಲೈಯಲ್ಲಿ ಇದು ಬಂತು, ಕಣ್ಣೆದುರಿಗೇ ಇನ್ನೊಂದು ಲೋಕ ಅಂತ.
ಲೋಕವೇನೋ ಇತ್ತು, ಬಣ್ಣ ಮಾತ್ರ ಒಂದೇ.
ನೀಲಿ ದೀಪಕ್ಕೆ ಚಿನ್ನದ ಬೆಲೆ, ಹಸಿರೂ ಕೈಗೆಟುಕದು,
ಕೆಂಪೊಂದೇ ಅಗ್ಗವಿತ್ತು.
ಹಾಗಾಗಿ ಹುಲ್ಲು ಕೆಂಪು, ಹೊಳೆ ಕೆಂಪು,
ಟೆನಿಸ್ ಚೆಂಡು ಕೆಂಪು, ಅದು ಹಾರುವ ಆಕಾಶ ಬರೀ ಕಪ್ಪು.
ತಲೆಗೆ ಕಟ್ಟಿಕೊಳ್ಳುವಂತಿಲ್ಲ. ಮೇಜಿನ ಮೇಲಿಟ್ಟು
ಬಾವಿ ಇಣುಕುವವರ ಹಾಗೆ ಬಗ್ಗಬೇಕು.
ನೀನು ಕಂಡದ್ದು ಪಕ್ಕದವನಿಗೆ ಕಾಣದು.
ಕಾಲು ಗಂಟೆಗೊಮ್ಮೆ ಅದೇ ಕೇಳುತ್ತಿತ್ತು, ಸಾಕಲ್ಲವೆ, ಕಣ್ಣಿಗೆ ಬಿಡುವು ಬೇಡವೆ?
ಗಿರಾಕಿಗೆ ಸಾಕೆನ್ನುವ ಸಾಮಾನು
ಯಾವ ಕಾಲಕ್ಕೆ ಉದ್ಧಾರವಾದೀತು!
ಹೊಸ ವರ್ಷ ಬರುವ ಮೊದಲೇ
ಸಂಜೆಯ ಬಂಗುಡೆಯಂತೆ
ಚೀಟಿಯ ಮೇಲೆ ಚೀಟಿ ಅಂಟಿಸಿ ಇಳಿಸುತ್ತಾ ಹೋದರು.
ಆಗ ನಾನು ಅಂಗಡಿಯೊಂದರಲ್ಲಿ ಚೀಟಿ ಅಂಟಿಸುವ ಹುಡುಗ.

‘ನಾನು ಕಣ್ಣು ಹೊಂದಿಸುವ ಬೆಂಚಿನಲ್ಲಿದ್ದೆ’ ಅಂದರು ಹಿಸಾಯೆ,
‘ಉಜಿಯ ಹತ್ತಿರ. ದಿನಕ್ಕೆ ಎಂಬತ್ತು.
ಎಡದ ಗೆರೆ, ಬಲದ ಗೆರೆ,
ಎರಡೂ ಒಂದಾಗುವ ತನಕ ತಿರುವುತ್ತಿದ್ದೆ.
ಒಂದಾದ ಗಳಿಗೆ ಒಳಗೊಂದು ದಾರಿ ತೆರೆಯುತ್ತಿತ್ತು, ನೋಡಿ,
ಅಷ್ಟು ದೂರ.
ನಡೆಯಲು ಪುರುಸೊತ್ತೆಲ್ಲಿ, ಮುಂದಿನ ಪೆಟ್ಟಿಗೆ ಬಂದಿರುತ್ತಿತ್ತು.
ರಾತ್ರಿ ಬಟ್ಟಲಿನ ಅನ್ನ ಹಸಿರಾಗಿ ಕಾಣುತ್ತಿತ್ತು.
ಮನೆಯಲ್ಲಿ ಯಾರಿಗೂ ಹೇಳಲಿಲ್ಲ.’

ಬೆಂಚು ಎತ್ತಿದ ಮೇಲೆ ಅವರನ್ನು ಕ್ಯಾಲ್ಕುಲೇಟರಿಗೆ ಹಾಕಿದರಂತೆ.
ಅರ್ಧಕ್ಕರ್ಧ ಬೆಲೆಗೆ ಇದೊಂದನ್ನು ಕೊಂಡರಂತೆ,
ತನ್ನ ಕೈ ದಾಟಿ ಬಂದದ್ದೋ ಅಲ್ಲವೋ ತಿಳಿಯದೆ.

ಬಿಚ್ಚಿದೆ. ಒಳಗೆ ಚಿತ್ರವೆಂಬುದೇ ಇಲ್ಲ.
ಕಣ್ಣಿಗೊಂದು ಗೆರೆ ದೀಪ, ಅದರೆದುರು
ಸೆಕೆಂಡಿಗೆ ಐವತ್ತು ಸಲ ತೂಗುವ ಕನ್ನಡಿ.
ಗೆರೆಯನ್ನು ಬಯಲಾಗಿಸುವ ಕೆಲಸ
ನೋಡುವವರ ತಲೆಗೇ ಬಿಟ್ಟದ್ದು.
ಪಟ್ಟಿ ತಂತಿಯ ಅಂಟು ಒಣಗಿ ಎದ್ದಿತ್ತು.
ಬೆಸುಗೆಗೆ ಬದಲು ಅಂಟು ಹಾಕಿ ಯಾರೋ ಉಳಿಸಿದ ನಾಲ್ಕು ಕಾಸು
ಇಪ್ಪತ್ತೈದು ವರ್ಷದಿಂದ ನನ್ನ ಬಾಡಿಗೆ ಕಟ್ಟುತ್ತಿದೆ.

ಬೆಸೆದೆ, ಮುಚ್ಚಿದೆ. ದುಂಬಿಯ ಹಾಗೆ ಗುಂಯ್‌ಗುಟ್ಟಿತು.
ಅವರು ಬಗ್ಗಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು.
‘ಚಪ್ಪಟೆ’ ಅಂದರು ಕೊನೆಗೆ.
ನಾನು ಮತ್ತೆ ಬಿಚ್ಚಹೊರಟೆ. ಅವರು ತಡೆದರು.
‘ನಿಮ್ಮ ಕೆಲಸ ಸರಿಯಾಗಿದೆ. ನನ್ನ ಎಡಗಣ್ಣು ಹೋಗಿ ಮೂರು ವರ್ಷ.
ನೀವು ನೋಡಿ ಹೇಳಿ, ದಾರಿ ಇದೆಯೆ?’

ನೂರಾರು ದುರಸ್ತಿ ಮಾಡಿದ್ದೇನೆ.
ಗೆರೆ ಬಂತೆ, ಬಂತು, ಮುಂದಿನದು.
ಎರಡು ಕಣ್ಣೂ ಇಟ್ಟು ಕಾದದ್ದು ನೆನಪಿಲ್ಲ.

ಇದೆ, ಅಂದೆ.
‘ಎಷ್ಟು ದೂರ?’
ಈ ಗೋಡೆಯಾಚೆ. ಟೀ ಅಂಗಡಿಯ ತನಕ.
‘ಸಾಲದು’ ಅಂದರು. ಅವರ ಬೆರಳು ನನ್ನ ಹಣೆಯ ಮೇಲಿನ ಗುಂಡಿ ಹುಡುಕಿ
ಕೂದಲೆಳೆಯಷ್ಟು ಎಡಕ್ಕೆ ತಿರುವಿತು.
ಟೀ ಅಂಗಡಿ ದಾಟಿತು, ಸೇತುವೆ ದಾಟಿತು.
ನಾನು ಮಾತಾಡಲಿಲ್ಲ. ಅವರೂ ಕೇಳಲಿಲ್ಲ.
ಕಾಲು ಗಂಟೆಗೆ ಯಂತ್ರವೇ ಸಾಕೆಂದಿತು.

ರಿಯಾಯಿತಿ ಕೊಟ್ಟೆ. ಬೇಡವೆಂದರು,
ಇದಕ್ಕೆ ಆದ ರಿಯಾಯಿತಿಯೇ ಸಾಕಷ್ಟಾಯಿತು ಅಂತ ನಕ್ಕರು.
ರಸೀದಿ ಬರೆಯಲು ಬಿಳಿ ಹಾಳೆ ಎಳೆದುಕೊಂಡೆ.
ಹಸಿರಾಗಿತ್ತು.